ಚಂಡಮಾರುತ ಹಾದುಹೋದ ಕರಾವಳಿಯಲ್ಲಿ ನೀರನ್ನೂ ಮರಳನ್ನೂ ಅಳೆಯುವುದು ಹೇಗೆ?

ತೆರೆನೊರೆ
2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ನುಗ್ಗಿಸಿದ ನೀರಿನ ಬಗ್ಗೆ ಓದುತ್ತಿದ್ದೇನೆ. ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿರುವ ಬ್ಯಾಟರಿ ಎಂಬಲ್ಲಿ ನೀರು 14 ಅಡಿ ಮುಟ್ಟಿತು ಎಂದು ಒಂದು ಕಡೆ ಇದೆ. 11 ಅಡಿ ಚಿಲ್ಲರೆ ಎಂದು ಇನ್ನೊಂದು ಕಡೆ. 9.4 ಅಡಿ ಎಂದು ಮತ್ತೊಂದು ಕಡೆ. ಮೂರೂ ಸರ್ಕಾರಿ ಸಂಸ್ಥೆಗಳ ಅಂಕಿಗಳೇ. ಒಂದೇ ಜಾಗ, ಒಂದೇ ರಾತ್ರಿ, ಒಂದೇ ನೀರು. ಇವುಗಳಲ್ಲಿ ಯಾವುದು ನಿಜ? ಅಷ್ಟೇ ಅಲ್ಲ, ಮನುಷ್ಯರೆಲ್ಲ ಜಾಗ ಖಾಲಿ ಮಾಡಿದ ಮೇಲೆ ಅಲ್ಲಿ ಅಳೆಯುವವರಾದರೂ ಯಾರು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ, ಎಷ್ಟು ಉದ್ದವಾದರೂ ಓದುತ್ತೇನೆ.

ಅಳತೆಗೋಲು
ಮೂರೂ ನಿಜ. ಸೊನ್ನೆಯನ್ನು ಎಲ್ಲಿ ಇಟ್ಟುಕೊಂಡಿದ್ದಾರೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಮೆಟ್ಟಿಲ ಮೇಲೆ ನಿಂತವನ ತಲೆ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದರೆ, ಅವನ ಪಾದದಿಂದ ಅಳೆದರೆ ಒಂದು ಉತ್ತರ, ಮೆಟ್ಟಿಲ ಬುಡದಿಂದ ಅಳೆದರೆ ಇನ್ನೊಂದು ಉತ್ತರ ಸಿಗುವ ಹಾಗೆ.

14.06 ಅಡಿ ಎಂಬುದು ಆ ಸ್ಥಳದ ದೈನಂದಿನ ಅತಿ ಕೆಳ ಇಳಿತಗಳ ಸರಾಸರಿ ಮಟ್ಟದಿಂದ ಮೇಲಕ್ಕೆ ಅಳೆದದ್ದು. ಹಡಗು ನಡೆಸುವವರಿಗೆ ನೀರಿನ ಕನಿಷ್ಠ ಆಳ ಮುಖ್ಯವಾದ್ದರಿಂದ ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾದ ಉಬ್ಬರವಿಳಿತ ಮಾಪಕಗಳಲ್ಲಿ ಈ ಸೊನ್ನೆ ರೂಢಿಯಲ್ಲಿದೆ. ಸುಮಾರು 11.3 ಅಡಿ ಎಂಬುದು ಉತ್ತರ ಅಮೆರಿಕದ ಭೂಮಾಪನಕ್ಕೆ 1988ರ ಹೆಸರಿನಲ್ಲಿ ನಿಗದಿಯಾದ ಎತ್ತರದ ಆಧಾರಮಟ್ಟದಿಂದ ಅಳೆದದ್ದು. ರಸ್ತೆ, ಸೇತುವೆ, ಮನೆಯ ಅಡಿಪಾಯ ಎಲ್ಲದರ ಎತ್ತರವನ್ನೂ ಇದರ ಮೇಲೆಯೇ ಹೇಳುವುದರಿಂದ ಎಂಜಿನಿಯರುಗಳಿಗೆ ಬೇಕಾದದ್ದು ಈ ಅಂಕಿ. 9.4 ಅಡಿ ಇವೆರಡಕ್ಕಿಂತ ಬೇರೆ ಬಗೆಯದು. ಚಂಡಮಾರುತವೇ ಇಲ್ಲದಿದ್ದರೆ ಆ ಹೊತ್ತಿಗೆ ನೀರು ಎಲ್ಲಿರುತ್ತಿತ್ತೋ ಅದನ್ನು ಕಳೆದು ಉಳಿದದ್ದು, ಅಂದರೆ ಗಾಳಿಯೂ ಕುಸಿದ ವಾಯುಒತ್ತಡವೂ ಸೇರಿ ಮೇಲೆತ್ತಿದ ಪಾಲು. ಅದನ್ನು ಸ್ಟಾರ್ಮ್ ಸರ್ಜ್ ಎನ್ನುತ್ತಾರೆ. ಸರ್ಜ್‌ಗೆ ಆ ಹೊತ್ತಿನ ಉಬ್ಬರವಿಳಿತವನ್ನೂ ಸೇರಿಸಿದರೆ ಸ್ಟಾರ್ಮ್ ಟೈಡ್.

ಈ ಭೇದ ಎಷ್ಟು ಮುಖ್ಯ ಎಂಬುದಕ್ಕೆ ಅದೇ ರಾತ್ರಿಯ ಇನ್ನೊಂದು ಅಳತೆಯನ್ನು ನೋಡಿ. ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡ್ ಸೌಂಡ್ ಎಂಬ ಕಡಲತೋಳಿನ ಪಶ್ಚಿಮ ತುದಿಯ ಕಿಂಗ್ಸ್ ಪಾಯಿಂಟಿನಲ್ಲಿ ಸರ್ಜ್ 12.65 ಅಡಿ ದಾಖಲಾಯಿತು, ಬ್ಯಾಟರಿಗಿಂತ ಮೂರಡಿಗೂ ಹೆಚ್ಚು. ಆದರೆ ಅಲ್ಲಿ ಅದು ಶಿಖರ ಮುಟ್ಟಿದ್ದು ಇಳಿತದ ಹೊತ್ತಿನಲ್ಲಿ. ಕೆಲವು ಗಂಟೆ ಆಚೀಚೆಯಾಗಿದ್ದರೆ ಆ ತೀರದ ಪಾಡು ಬೇರೆಯೇ ಆಗುತ್ತಿತ್ತು. ಆಧಾರಮಟ್ಟವನ್ನು ಹೇಳದೆ ಬರೀ ಅಡಿ ಲೆಕ್ಕ ಕೊಡುವ ಸುದ್ದಿಯನ್ನು ನಾನು ಅರ್ಧ ಸುದ್ದಿ ಎಂದೇ ಎಣಿಸುತ್ತೇನೆ.

ತೆರೆನೊರೆ
ಬಹಳ ಚೆನ್ನಾಗಿ ಬಿಡಿಸಿ ಹೇಳಿದಿರಿ. ಹಾಗಾದರೆ ಮಾಪಕಗಳು ಮೊದಲೇ ಅಲ್ಲಿರುತ್ತವೆ, ತಾವಾಗಿ ಬರೆದುಕೊಳ್ಳುತ್ತವೆ, ಅಷ್ಟೇ ತಾನೇ?

ಅಳತೆಗೋಲು
ಬಂದರುಗಳಲ್ಲಿ ಇರುತ್ತವೆ. ಬಂದರಿಗೂ ಬಂದರಿಗೂ ನಡುವೆ ಬಹಳ ಅಂತರ. ಸರ್ಜ್ ಮಾತ್ರ ಒಂದೊಂದು ಕೊಲ್ಲಿಯಲ್ಲಿ, ಒಂದೊಂದು ಅಳಿವೆಯಲ್ಲಿ ಒಂದೊಂದು ರೀತಿ ಏರುತ್ತದೆ. ಅಲ್ಲದೆ ಬಹಳ ದೊಡ್ಡ ಚಂಡಮಾರುತದಲ್ಲಿ ಮಾಪಕವೇ ನಾಶವಾಗುತ್ತದೆ. 2005ರ ಕತ್ರಿನಾದಲ್ಲಿ ನೀರು ಅತಿ ಹೆಚ್ಚು ಏರಿದ ಮಿಸಿಸಿಪ್ಪಿ ರಾಜ್ಯದ ತೀರದಲ್ಲಿ ಮಾಪಕಗಳು ಶಿಖರಕ್ಕೆ ಮುಂಚೆಯೇ ಕೈಕೊಟ್ಟವು.

ಅದೇ ವರ್ಷ ಕೆಲವೇ ವಾರಗಳ ನಂತರ ರೀಟಾ ಬರುತ್ತಿದ್ದಾಗ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್, ಹೊಸ ಪ್ರಯೋಗವೊಂದನ್ನು ಮಾಡಿತು. ಚಂಡಮಾರುತ ತೀರ ತಲುಪುವ ಮೊದಲೇ ಸಿಬ್ಬಂದಿ ಹೋಗಿ, ಒತ್ತಡ ಅಳೆಯುವ ಚಿಕ್ಕ ಸಂವೇದಕಗಳನ್ನು ಲೋಹದ ಕೊಳವೆಯೊಳಗೆ ಇರಿಸಿ, ಸೇತುವೆಯ ಕಂಬಗಳಿಗೂ ಜೆಟ್ಟಿಗಳಿಗೂ ಬಿಗಿದು ಬಂದರು. ಸಂವೇದಕಕ್ಕೆ ಗೊತ್ತಿರುವುದು ತನ್ನ ಮೇಲಿನ ಭಾರ ಒಂದೇ. ನೀರು ಏರಿದಷ್ಟೂ ಭಾರ ಹೆಚ್ಚುತ್ತದೆ, ಅದು ಕ್ಷಣಕ್ಷಣವೂ ಬರೆದಿಟ್ಟುಕೊಳ್ಳುತ್ತದೆ. ಅಲೆಗಳನ್ನೂ ಹಿಡಿಯಬೇಕಾದ ಕಡೆ ಸೆಕೆಂಡಿಗೆ ಹಲವು ಬಾರಿ ಓದುವಂತೆ ಹೊಂದಿಸುತ್ತಾರೆ. ನೀರಿಳಿದ ಮೇಲೆ ಮತ್ತೆ ಹೋಗಿ ಬಿಚ್ಚಿ ತರುತ್ತಾರೆ.

ಸ್ಯಾಂಡಿಯ ನಂತರ ನಾರ್ತ್ ಕ್ಯಾರೊಲೈನಾದಿಂದ ಮೇನ್‌ವರೆಗೆ ಇದಕ್ಕಾಗಿಯೇ ಒಂದು ಜಾಲವನ್ನು ರೂಪಿಸಿದರು. ಅಲ್ಲಿನ ಅನೇಕ ತಾಣಗಳಲ್ಲಿ ಹಿಡಿಕೆಗಳನ್ನು ಮೊದಲೇ ಕೂರಿಸಿ, ಅವುಗಳ ಎತ್ತರವನ್ನೂ ಶಾಂತ ದಿನಗಳಲ್ಲೇ ನಿಖರವಾಗಿ ಅಳೆದಿಟ್ಟಿದ್ದಾರೆ. ಚಂಡಮಾರುತ ಹೊರಟಿತೆಂದರೆ ಸಂವೇದಕವನ್ನು ತಂದು ಸಿಕ್ಕಿಸಿದರೆ ಮುಗಿಯಿತು. ಜನ ತೀರದಿಂದ ಹೊರಡುವ ಹೊತ್ತಿನಲ್ಲಿ ತೀರದತ್ತ ಹೋಗುವವರ ಪಾಲಿಗೆ ಪ್ರತಿ ಗಂಟೆಯೂ ಬೆಲೆಯುಳ್ಳದ್ದು, ಆ ಗಂಟೆಗಳನ್ನು ಉಳಿಸಿಕೊಟ್ಟದ್ದೇ ಈ ಜಾಲದ ದೊಡ್ಡ ಉಪಕಾರ.

ಗಣಿತಪ್ರಿಯ
ಒಂದು ಸಂದೇಹ. ಸಂವೇದಕದ ಮೇಲೆ ನೀರಿನ ಭಾರದ ಜೊತೆ ಗಾಳಿಯ ಭಾರವೂ ಇರುತ್ತದಲ್ಲವೇ? ಚಂಡಮಾರುತದ ನಡುವೆ ವಾಯುಒತ್ತಡ ಕುಸಿದಿರುತ್ತದೆ.

ಅಳತೆಗೋಲು
ಸರಿಯಾದ ಜಾಗವನ್ನೇ ಹಿಡಿದಿರಿ. ಒಂದು ಹೆಕ್ಟೊಪ್ಯಾಸ್ಕಲ್ ಒತ್ತಡ ಎಂದರೆ ಸರಿಸುಮಾರು ಒಂದು ಸೆಂಟಿಮೀಟರ್ ನೀರು. ವಾಯುಒತ್ತಡ 50 ಹೆಕ್ಟೊಪ್ಯಾಸ್ಕಲ್ ಕುಸಿದಿದ್ದು ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನೀರಿನ ಮಟ್ಟ ಅರ್ಧ ಮೀಟರ್ ಕಡಿಮೆ ಎಂದು ಬರುತ್ತದೆ. ಅದಕ್ಕಾಗಿಯೇ ಹತ್ತಿರದಲ್ಲಿ, ನೀರು ಮುಟ್ಟದ ಎತ್ತರದಲ್ಲಿ, ಬರೀ ಗಾಳಿಯ ಒತ್ತಡ ಬರೆದುಕೊಳ್ಳುವ ಇನ್ನೊಂದು ಸಂವೇದಕವನ್ನು ಇಟ್ಟಿರುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ನೀರಿನ ಭಾರ ಮಾತ್ರ.

ಗಣಿತಪ್ರಿಯ
ಆದರೆ ಒತ್ತಡ ಕುಸಿದದ್ದರಿಂದಲೇ ಸಮುದ್ರ ಕೊಂಚ ಮೇಲೇಳುತ್ತದೆ ಎಂದು ನೀವೇ ಹೇಳಿದಿರಿ. ಕಳೆದುಬಿಟ್ಟರೆ ಆ ಏರಿಕೆಯೂ ಹೋಗುವುದಿಲ್ಲವೇ?

ಅಳತೆಗೋಲು
ಹೋಗುವುದಿಲ್ಲ. ಸಮುದ್ರ ಮೇಲೆದ್ದಿದ್ದರೆ ಸಂವೇದಕದ ಮೇಲೆ ನಿಜವಾಗಿಯೇ ಹೆಚ್ಚು ನೀರು ನಿಂತಿದೆ, ಅದು ನೀರಿನ ಭಾರದಲ್ಲೇ ಸೇರಿರುತ್ತದೆ. ನಾವು ಕಳೆಯುವುದು ಆ ನೀರಿನ ಮೇಲೆ ಕುಳಿತ ಗಾಳಿಯನ್ನು ಮಾತ್ರ.

ದೂರನೋಟ
ಇದನ್ನೆಲ್ಲ ಓದಿ ನನಗೆ ಅನಿಸುವುದು ಬೇರೆ. ಈಗ ಉಪಗ್ರಹಗಳು ಭೂಮಿಯ ಮೂಲೆಮೂಲೆಯನ್ನೂ ನೋಡುತ್ತಿವೆ. ಕೊಳವೆ ಬಿಗಿಯುವುದು, ಗೋಡೆಯ ಮೇಲಿನ ಕೆಸರು ಗುರುತು ಹುಡುಕುವುದು, ಇದಕ್ಕೆಲ್ಲ ಜನರನ್ನು ಅಪಾಯದ ಜಾಗಕ್ಕೆ ಕಳಿಸುವ ಅಗತ್ಯ ಇನ್ನೂ ಇದೆಯೇ? ಚಿತ್ರ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಸಾಲದೇ?

ನಕ್ಷೆಗಾರ
ನಾನು ಉಪಗ್ರಹ ಚಿತ್ರಗಳ ಮೇಲೆಯೇ ಕೆಲಸ ಮಾಡುವವನು. ಹಾಗಾಗಿ ಅವುಗಳ ಪರವಾಗಿಯೇ ಮೊದಲು ಮಾತಾಡುತ್ತೇನೆ. ಕತ್ರಿನಾ ಮತ್ತು ರೀಟಾ ಸೇರಿ ಲೂಸಿಯಾನದಲ್ಲಿ 217 ಚದರ ಮೈಲಿ, ಅಂದರೆ ಸುಮಾರು 560 ಚದರ ಕಿಲೋಮೀಟರ್ ನೆಲವನ್ನು ನೀರಾಗಿಸಿದವು ಎಂಬ ಯುಎಸ್‌ಜಿಎಸ್ ಅಂದಾಜು ಬಂದದ್ದು ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ. ಅಷ್ಟು ವಿಸ್ತಾರದ ಜೌಗನ್ನು ಕಾಲ್ನಡಿಗೆಯಲ್ಲೋ ದೋಣಿಯಲ್ಲೋ ಅಳೆದು ಮುಗಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಈಗ ಇನ್ನೊಂದು ಮಗ್ಗುಲು. ಆ ಉಪಗ್ರಹ ಒಂದೇ ಜಾಗದ ಮೇಲೆ 16 ದಿನಕ್ಕೊಮ್ಮೆ ಹಾಯುತ್ತದೆ, ಅಂದು ಮೋಡ ಕವಿದಿದ್ದರೆ ಚಿತ್ರವಿಲ್ಲ. ಚಿತ್ರ ತೆಗೆದ ದಿನ ನೀರಿನ ಮಟ್ಟ ತುಸು ಹೆಚ್ಚಿದ್ದರೂ ತಗ್ಗಿನ ಜೌಗು ಮುಳುಗಿ, ನೆಲ ಕಳೆದುಹೋದಂತೆ ಕಾಣುತ್ತದೆ. ಆ 217ರಲ್ಲಿ ಎಷ್ಟು ಶಾಶ್ವತ, ಎಷ್ಟು ತಾತ್ಕಾಲಿಕ ಎಂದು ಹೇಳಲು ಮುಂದಿನ ವರ್ಷಗಳ ಚಿತ್ರಗಳು ಬೇಕು ಎಂದು ಸಮೀಕ್ಷೆ ಮಾಡಿದವರೇ ಎಚ್ಚರಿಸಿದ್ದರು. ರಾಡಾರ್ ಉಪಗ್ರಹಗಳು ಮೋಡವನ್ನು ಭೇದಿಸಿ ನೋಡುತ್ತವೆ, ಆದರೂ ನೀರು ಶಿಖರದಲ್ಲಿದ್ದ ಆ ಅರ್ಧ ಗಂಟೆಯಲ್ಲೇ ತಲೆಯ ಮೇಲೆ ಹಾಯುತ್ತವೆ ಎಂಬ ಭರವಸೆ ಇಲ್ಲ. ಎಲ್ಲಿಯವರೆಗೆ ನೀರು ಹರಡಿತು ಎಂಬುದನ್ನು ಚಿತ್ರ ತೋರಿಸಬಲ್ಲದು. ಯಾವ ಗಂಟೆಗೆ, ಎಷ್ಟು ಎತ್ತರಕ್ಕೆ ಎಂಬುದಕ್ಕೆ ನನಗೂ ಆ ಕೊಳವೆಯೊಳಗಿನ ಸಂವೇದಕವೇ ಬೇಕು.

ಅಳತೆಗೋಲು
ನಕ್ಷೆಗಾರರ ಮಾತಿಗೆ ಸೇರಿಸುತ್ತೇನೆ. ದೂರನೋಟ ಅವರು ಕೆಸರು ಗುರುತಿನ ಬಗ್ಗೆ ಕೇಳಿದರು, ಆ ವಿದ್ಯೆಯ ಬಗ್ಗೆ ನನಗೆ ಅಪಾರ ಗೌರವ. ನೀರು ಇಳಿಯುವಾಗ ತನ್ನ ಮೇಲಂಚಿನಲ್ಲಿ ತೇಲುತ್ತಿದ್ದ ಬೀಜ, ಎಲೆಚೂರು, ನುಣ್ಣನೆಯ ಹೂಳು ಇವನ್ನು ಗೋಡೆಗೂ ಮರಕ್ಕೂ ಅಂಟಿಸಿ ಹೋಗುತ್ತದೆ. ಆ ಗೆರೆಯನ್ನು ಹುಡುಕಿ, ಮೊಳೆ ಹೊಡೆದು ಗುರುತಿಟ್ಟು, ಚಿತ್ರ ತೆಗೆದು, ಜಿಪಿಎಸ್ ಮತ್ತು ಲೆವೆಲ್ ಉಪಕರಣದಿಂದ ಅದರ ಎತ್ತರವನ್ನು ಕಂಡುಹಿಡಿಯುತ್ತಾರೆ.

ಇಲ್ಲಿ ಕಣ್ಣು ಪಳಗಿರಬೇಕು. ಮನೆಯ ಹೊರಗೋಡೆಯ ಗೆರೆಯಲ್ಲಿ ಅಲೆಗಳ ಎರಚಲು ಸೇರಿರುತ್ತದೆ, ಒಳಗೋಡೆಯ ಗೆರೆ ನಿಂತ ನೀರಿನದು. ಇವೆರಡನ್ನು ಬೆರೆಸಿದರೆ ಲೆಕ್ಕ ಕೆಟ್ಟಿತು. ಕಡ್ಡಿಕಸದ ರಾಶಿ ಎಲ್ಲಿ ನಿಂತಿತೋ ಅದು ನೀರಿನ ತುದಿಯಾಗಿರಬಹುದು, ಅಲೆ ಎಸೆದ ಜಾಗವೂ ಆಗಿರಬಹುದು. ಹಾಗಾಗಿ ಪ್ರತಿ ಗುರುತಿಗೂ ದರ್ಜೆ ಕೊಡುತ್ತಾರೆ. ಅತ್ಯುತ್ತಮ ಎಂದರೆ 0.05 ಅಡಿ ಆಚೀಚೆ, ಕಳಪೆ ಎಂದರೆ 0.4 ಅಡಿ ಆಚೀಚೆ. ಅಳತೆಯ ಜೊತೆಗೇ ಅದನ್ನು ಎಷ್ಟು ನಂಬಬಹುದು ಎಂಬುದನ್ನೂ ಬರೆದಿಡುವ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಇದಕ್ಕೆ ಗಡುವೂ ಇದೆ. ಒಂದು ಮಳೆ ಬಂದರೆ ಬೀಜದ ಗೆರೆ ತೊಳೆದುಹೋಗುತ್ತದೆ. ಮನೆಯವರು ಹಿಂತಿರುಗಿ ಗೋಡೆ ಒರೆಸುತ್ತಾರೆ, ಒರೆಸಲೇಬೇಕು, ಅವರ ಬದುಕು ಅದು. ಕೆಲವೇ ದಿನಗಳಲ್ಲಿ ಸಾಕ್ಷ್ಯ ಮಾಯ. ಕತ್ರಿನಾದ ಅತಿ ಎತ್ತರದ ನೀರು 27.8 ಅಡಿ, ಮಿಸಿಸಿಪ್ಪಿಯ ಪಾಸ್ ಕ್ರಿಶ್ಚಿಯನ್ ಪಟ್ಟಣದಲ್ಲಿ ಎಂದು ನಾವು ಇಂದು ಹೇಳುತ್ತೇವಲ್ಲ, ಅದು ಹೀಗೆ ಹುಡುಕಿ ಹಿಡಿದ ಗುರುತಿನ ಎತ್ತರ. ಮಾಪಕಗಳು ಸತ್ತಿದ್ದ ಆ ತೀರದಲ್ಲಿ ಬೇರೆ ಯಾವುದೂ ಅದನ್ನು ಹೇಳುತ್ತಿರಲಿಲ್ಲ.

ದೂರನೋಟ
ಒಪ್ಪಿದೆ. ಸಮಯದ ಲೆಕ್ಕವನ್ನು ನಾನು ಯೋಚಿಸಿರಲಿಲ್ಲ.

ಮರಳುದಿಬ್ಬ
ಎಲ್ಲರೂ ನೀರಿನ ಬಗ್ಗೆಯೇ ಬರೆದಿರಿ, ಮರಳಿನ ಪರವಾಗಿ ನಾನು ಮಾತಾಡುತ್ತೇನೆ. ಚಂಡಮಾರುತ ಕಡಲತೀರದ ಆಕಾರವನ್ನೇ ಬದಲಿಸುತ್ತದೆ, ಮುಂದಿನ ಚಂಡಮಾರುತಕ್ಕೆ ಆ ಬದಲಾದ ಆಕಾರವೇ ಎದುರಾಗುತ್ತದೆ.

ಯುಎಸ್‌ಜಿಎಸ್‌ನ ವಿಜ್ಞಾನಿ ಆಬಿ ಸ್ಯಾಲೆಂಜರ್ 2000ದಲ್ಲಿ ತಡೆದ್ವೀಪಗಳಿಗಾಗಿ, ಅಂದರೆ ತೀರದ ಮುಂದೆ ಅದಕ್ಕೆ ಸಮಾನಾಂತರವಾಗಿ ಚಾಚಿದ ಉದ್ದನೆಯ ಮರಳು ದ್ವೀಪಗಳಿಗಾಗಿ, ಒಂದು ಮಾಪನಕ್ರಮವನ್ನು ಮುಂದಿಟ್ಟರು. ಚಂಡಮಾರುತ ಎಷ್ಟು ಬಲವಾದದ್ದು ಎಂದು ಅದು ಕೇಳುವುದಿಲ್ಲ. ನೀರು ಮರಳುದಿಬ್ಬದ ಬುಡ ಮತ್ತು ನೆತ್ತಿಗೆ ಹೋಲಿಸಿದರೆ ಎಲ್ಲಿಯವರೆಗೆ ಏರಿತು ಎಂದು ಕೇಳುತ್ತದೆ. ಅಲೆ ಬುಡದ ಕೆಳಗೇ ಉಳಿದರೆ ಮರಳು ಸ್ವಲ್ಪ ಆಚೀಚೆಯಾಗಿ ಮತ್ತೆ ಮರಳುತ್ತದೆ. ಬುಡಕ್ಕೆ ಬಡಿದರೆ ದಿಬ್ಬ ಕೊರೆಯುತ್ತದೆ. ನೆತ್ತಿ ದಾಟಿದರೆ ಮರಳು ದ್ವೀಪದ ಹಿಂಬದಿಗೆ ಸುರಿಯುತ್ತದೆ. ಸರ್ಜ್ ತಾನೇ ನೆತ್ತಿಗಿಂತ ಎತ್ತರ ನಿಂತರೆ ಇಡೀ ದ್ವೀಪವೇ ಸಮುದ್ರದ ತಳವಾಗುತ್ತದೆ. ಒಂದೇ ಚಂಡಮಾರುತದಲ್ಲಿ ಎರಡು ಪಕ್ಕದ ಊರುಗಳಿಗೆ ಎರಡು ಗತಿ ಏಕೆ ಎಂಬುದಕ್ಕೆ ಇಷ್ಟು ಸರಳವಾದ ವಿವರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಳೆಯುವ ಸಾಧನ ಲೈಡಾರ್. ವಿಮಾನದಿಂದ ಸೆಕೆಂಡಿಗೆ ಸಾವಿರಾರು ಲೇಸರ್ ಮಿಡಿತಗಳನ್ನು ಕೆಳಗೆ ಕಳಿಸಿ, ಮರಳಿ ಬರಲು ಹಿಡಿದ ಸಮಯದಿಂದ ನೆಲದ ಎತ್ತರವನ್ನು ಲೆಕ್ಕ ಹಾಕುತ್ತಾರೆ. ಲಂಬ ದಿಕ್ಕಿನಲ್ಲಿ ಸುಮಾರು 15 ಸೆಂಟಿಮೀಟರ್ ನಿಖರತೆ. ಮುಂಚಿನ ಹಾರಾಟದ ನಕ್ಷೆಯನ್ನು ನಂತರದ್ದರಿಂದ ಕಳೆದರೆ ಎಲ್ಲಿ ಎಷ್ಟು ಮರಳು ಹೋಯಿತು, ಎಲ್ಲಿ ಬಂದು ಬಿತ್ತು ಎಂದು ಕಾಣುತ್ತದೆ. ಲೂಸಿಯಾನದ ಶಾಂಡಲೂರ್ ದ್ವೀಪಗಳು ಕತ್ರಿನಾದಲ್ಲಿ ತಮ್ಮ ಮೇಲ್ಮೈಯ ಸುಮಾರು ಶೇ 85ನ್ನು ಕಳೆದುಕೊಂಡವು. ನ್ಯೂಯಾರ್ಕಿನ ಫೈರ್ ಐಲೆಂಡಿನಲ್ಲಿ ಕಡಲತೀರ ಮತ್ತು ದಿಬ್ಬಗಳು ಸ್ಯಾಂಡಿಗೆ ಮುಂಚೆ ಇದ್ದ ಮರಳಿನ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡವು, ದ್ವೀಪವೇ ಕಡಿದು ಹೊಸ ಕಾಲುವೆಯೂ ತೆರೆಯಿತು.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಈ ವ್ಯವಕಲನದ ಬೆಲೆ ಪೂರ್ತಿ ಮುಂಚಿನ ನಕ್ಷೆಯ ಮೇಲೆ ನಿಂತಿದೆ. ಮುಂಚಿನ ಹಾರಾಟ ಎರಡು ವರ್ಷ ಹಳೆಯದಾಗಿದ್ದರೆ, ಆ ನಡುವಿನ ಎಲ್ಲ ಸಾಧಾರಣ ಕಡಲ್ಕೊರೆತವನ್ನೂ ಚಂಡಮಾರುತದ ತಲೆಗೆ ಕಟ್ಟಿದಂತಾಗುತ್ತದೆ. ನಂತರದ ಹಾರಾಟ ತಡವಾದರೆ, ಅಲೆಗಳು ಆಗಲೇ ಸ್ವಲ್ಪ ಮರಳನ್ನು ಹಿಂದಕ್ಕೆ ತಂದಿರುತ್ತವೆ, ಬುಲ್ಡೋಜರುಗಳೂ ರಸ್ತೆಯ ಮರಳನ್ನು ತಳ್ಳಿರುತ್ತವೆ. ಏನೂ ನಡೆಯದ ವರ್ಷಗಳಲ್ಲಿ ಅಳೆಯಲು ಹಣ ಸಿಗುವುದು ಕಷ್ಟ, ಆದರೆ ಅಳೆಯಬೇಕಾದದ್ದು ಆಗಲೇ.

ಗಣಿತಪ್ರಿಯ
ನೀರಿನಡಿಗೆ ಹೋದ ಮರಳು?

ಮರಳುದಿಬ್ಬ
ಹಸಿರು ಬೆಳಕಿನ ಲೈಡಾರ್ ನೀರನ್ನು ಹಾದು ತಳ ಮುಟ್ಟುತ್ತದೆ, ನೀರು ತಿಳಿಯಾಗಿದ್ದರೆ ಮಾತ್ರ. ಚಂಡಮಾರುತದ ನಂತರ ನೀರು ಕದಡಿರುತ್ತದೆ. ಆಗ ಶಬ್ದದಿಂದ ಆಳ ಅಳೆಯುವ ಸೋನಾರನ್ನು ದೋಣಿಗೆ ಕಟ್ಟಿಕೊಂಡು ಹೋಗಬೇಕು. ನಾರ್ತ್ ಕ್ಯಾರೊಲೈನಾದ ಡಕ್ ಎಂಬಲ್ಲಿ ಅಮೆರಿಕ ಸೇನೆಯ ಎಂಜಿನಿಯರ್ ವಿಭಾಗದ ಕ್ಷೇತ್ರ ಸಂಶೋಧನಾ ಕೇಂದ್ರವಿದೆ. ಸಮುದ್ರದೊಳಕ್ಕೆ ಚಾಚಿದ ಅರ್ಧ ಕಿಲೋಮೀಟರಿಗೂ ಉದ್ದದ ಕಟ್ಟೆಯಿಂದ ದಶಕಗಳಿಂದ ಒಂದೇ ತೀರವನ್ನು ಅಳೆಯುತ್ತ ಬಂದಿದ್ದಾರೆ. ಅಷ್ಟು ದೀರ್ಘ ದಾಖಲೆ ಜಗತ್ತಿನಲ್ಲಿ ಬಹಳ ಕಡಿಮೆ ತೀರಗಳಿಗಿದೆ.

ಹೊಳೆಬದಿ
ನದಿಗಳ ಕಡೆಗೂ ಬನ್ನಿ. 2012ರ ಆಗಸ್ಟ್ ಕೊನೆಯಲ್ಲಿ ಐಸಾಕ್ ಚಂಡಮಾರುತ ಲೂಸಿಯಾನಕ್ಕೆ ಬಂದಾಗ ಮಿಸಿಸಿಪ್ಪಿ ನದಿ ಸುಮಾರು 24 ಗಂಟೆ ಹಿಂದಕ್ಕೆ ಹರಿಯಿತು. ನ್ಯೂ ಆರ್ಲಿಯನ್ಸಿನ ಕೆಳಗಿನ ಬೆಲ್ ಶಾಸ್ ಎಂಬಲ್ಲಿನ ಯುಎಸ್‌ಜಿಎಸ್ ಮಾಪಕ ಮೇಲ್ಮುಖವಾಗಿ 1.82 ಲಕ್ಷ ಕ್ಯುಸೆಕ್ ಹರಿವನ್ನು ದಾಖಲಿಸಿತು. ನದಿ ಅಲ್ಲಿ ಹತ್ತು ಅಡಿಯಷ್ಟು ಏರಿತು.

ಇದನ್ನು ಅಳೆದದ್ದು ಹೇಗೆ ಎಂಬುದು ಇನ್ನೂ ಸ್ವಾರಸ್ಯ. ಸಾಮಾನ್ಯವಾಗಿ ನದಿಯ ಹರಿವನ್ನು ಯಾರೂ ನೇರವಾಗಿ ನಿರಂತರ ಅಳೆಯುವುದಿಲ್ಲ. ನೀರಿನ ಮಟ್ಟವನ್ನು ಅಳೆಯುತ್ತಾರೆ. ಯಾವ ಮಟ್ಟಕ್ಕೆ ಎಷ್ಟು ಹರಿವು ಎಂಬ ಪಟ್ಟಿಯನ್ನು ಮೊದಲೇ ಹಲವು ಬಾರಿ ಅಳೆದು ಸಿದ್ಧಪಡಿಸಿರುತ್ತಾರೆ. ಮಟ್ಟ ಹೆಚ್ಚಾದರೆ ಹರಿವು ಹೆಚ್ಚು ಎಂಬ ನಂಬಿಕೆ ಅದರ ಬೆನ್ನೆಲುಬು. ಸಮುದ್ರದ ನೀರು ಕೆಳಗಿನಿಂದ ಒತ್ತಿದಾಗ ಆ ನಂಬಿಕೆಯೇ ಮುರಿಯುತ್ತದೆ. ಮಟ್ಟ ಏರುತ್ತಲೇ ಇರುತ್ತದೆ, ಹರಿವು ಮಾತ್ರ ನಿಂತಿರುತ್ತದೆ ಅಥವಾ ತಿರುಗಿರುತ್ತದೆ. ಪಟ್ಟಿಯನ್ನು ನಂಬಿದರೆ ಕೆಳಕ್ಕೆ ಭಾರೀ ಪ್ರವಾಹ ಎಂದು ತಪ್ಪು ಉತ್ತರ ಬರುತ್ತದೆ. ಹಾಗಾಗಿ ಇಂಥ ತಾಣಗಳಲ್ಲಿ ಶಬ್ದದ ಅಲೆಗಳನ್ನು ನೀರಿನೊಳಕ್ಕೆ ಕಳಿಸುವ ಉಪಕರಣವನ್ನು ಕಾಯಂ ಇರಿಸಿರುತ್ತಾರೆ. ನೀರಿನಲ್ಲಿ ತೇಲುವ ಹೂಳಿನ ಕಣಗಳಿಂದ ಶಬ್ದ ಮರಳಿ ಬರುವಾಗ ಅದರ ಕಂಪನಾಂಕ ಬದಲಾಗಿರುತ್ತದೆ, ಅದರಿಂದ ನೀರಿನ ವೇಗವೂ ದಿಕ್ಕೂ ತಿಳಿಯುತ್ತವೆ.

ಚಂಡಮಾರುತ ಒಳನಾಡಿಗೆ ಸರಿದ ಮೇಲೆ ಮಳೆಯ ಸರದಿ. 2017ರ ಹಾರ್ವೆಯಲ್ಲಿ ಟೆಕ್ಸಸ್‌ನ ನೆದರ್‌ಲ್ಯಾಂಡ್ ಬಳಿ 60.58 ಅಂಗುಲ ಮಳೆ ಸುರಿಯಿತು. ಒಂದೂವರೆ ಮೀಟರಿಗೂ ಹೆಚ್ಚು! ಅಂಥ ಹೊತ್ತಿನಲ್ಲಿ ಸಿಬ್ಬಂದಿ ಸೇತುವೆಯ ಮೇಲಿಂದ ಅದೇ ಬಗೆಯ ಶಬ್ದ ಉಪಕರಣವನ್ನು ತೇಲಿಬಿಟ್ಟು, ನದಿಯನ್ನು ಅಡ್ಡಹಾಯಿಸಿ, ಪಟ್ಟಿಯ ಮೇಲಿನ ತುದಿಯನ್ನು ಸರಿಪಡಿಸಿಕೊಳ್ಳುತ್ತಾರೆ. ಹಿಂದೆಂದೂ ಕಾಣದ ಮಟ್ಟಕ್ಕೆ ಪಟ್ಟಿಯಲ್ಲಿ ಉತ್ತರವೇ ಇರುವುದಿಲ್ಲವಲ್ಲ.

ತೆರೆನೊರೆ
ಹೊಳೆಬದಿಯವರೇ, ನೀರಿನ ಗುಣದ ಬಗ್ಗೆಯೂ ಎರಡು ಮಾತು ಹೇಳಿ. ಮೀನುಗಳು ರಾಶಿರಾಶಿಯಾಗಿ ಸಾಯುತ್ತವೆ ಎಂದು ಓದಿದ್ದೇನೆ.

ಹೊಳೆಬದಿ
1992ರ ಆಂಡ್ರ್ಯೂ ನಂತರ ಲೂಸಿಯಾನದ ಅಚಫಲಾಯ ಜಲಾನಯನದಲ್ಲಿ ಹಾಗಾಯಿತು. ಗಾಳಿ ತಳದ ಕೊಳೆತ ಕೆಸರನ್ನು ಕದಡಿತು, ಮರದ ಎಲೆಗಳನ್ನೆಲ್ಲ ಕಿತ್ತು ನೀರಿಗೆ ಹಾಕಿತು. ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಬಿಟ್ಟವು, ಮೀನುಗಳು ಉಸಿರುಗಟ್ಟಿ ಸತ್ತವು. 1999ರಲ್ಲಿ ಡೆನಿಸ್, ಫ್ಲಾಯ್ಡ್, ಐರೀನ್ ಒಂದರ ಹಿಂದೆ ಒಂದು ನಾರ್ತ್ ಕ್ಯಾರೊಲೈನಾಕ್ಕೆ ಬಂದಾಗ, ಪ್ಯಾಮ್ಲಿಕೊ ಸೌಂಡ್ ಎಂಬ ವಿಶಾಲ ಹಿನ್ನೀರಿಗೆ ನೆರೆಯ ಸಿಹಿನೀರು ನುಗ್ಗಿ ಲವಣಾಂಶ ತೀವ್ರವಾಗಿ ಕುಸಿಯಿತು. ಹೊಲಗಳಿಂದ ಬಂದ ಸಾರಜನಕ ಪಾಚಿಯನ್ನು ಬೆಳೆಸಿತು. ಇವನ್ನು ಹಿಡಿಯಲು ಲವಣಾಂಶ, ಆಮ್ಲಜನಕ, ಉಷ್ಣತೆ, ಕದಡು ಇವನ್ನು ಒಟ್ಟಿಗೆ ಬರೆಯುವ ಸಂವೇದಕಗಳನ್ನು ನೀರಲ್ಲೇ ಬಿಟ್ಟಿರುತ್ತಾರೆ, ನಂತರ ವಾರಗಟ್ಟಲೆ ಮಾದರಿಗಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನೀರಿನ ಮಟ್ಟ ಒಂದೆರಡು ದಿನಗಳಲ್ಲಿ ಇಳಿದಿರುತ್ತದೆ. ನೀರಿನ ಗುಣ ಹಿಂದಿನ ಸ್ಥಿತಿಗೆ ಬರಲು ತಿಂಗಳುಗಳು ಬೇಕಾಗಬಹುದು.

ಗಣಿತಪ್ರಿಯ
ಇಷ್ಟೆಲ್ಲ ಅಳತೆಗಳಿಂದ ಯಾರಾದರೂ ಮೊದಲು ತಿಳಿದದ್ದನ್ನು ಬದಲಿಸಿಕೊಂಡ ಉದಾಹರಣೆ ಇದೆಯೇ?

ಅಳತೆಗೋಲು
2008ರ ಐಕ್. ಗ್ಯಾಲ್ವೆಸ್ಟನ್ ಬಳಿ ತೀರ ತಲುಪಿದಾಗ ಅದು ಗಾಳಿಯ ಲೆಕ್ಕದಲ್ಲಿ ಎರಡನೇ ದರ್ಜೆಯದು ಮಾತ್ರ. ಚಂಡಮಾರುತ ಇನ್ನೂ ದೂರ ಇದ್ದಾಗಲೇ, ತೀರ ತಲುಪುವ ಬಹಳ ಗಂಟೆಗಳ ಮುಂಚೆಯೇ, ಗಾಳಿ ತೀರಕ್ಕೆ ಸಮಾನಾಂತರವಾಗಿ ಬೀಸುತ್ತಿದ್ದಾಗಲೇ ನೀರು ಏರಲು ತೊಡಗಿತ್ತು. ಸಂಶೋಧಕರು ಮುಂಚಿತವಾಗಿ ಹೆಲಿಕಾಪ್ಟರಿನಿಂದ ತೀರದುದ್ದಕ್ಕೂ ಸಮುದ್ರಕ್ಕೆ ಇಳಿಸಿದ್ದ ಮಾಪಕಗಳು ಇದನ್ನು ಬರೆದುಕೊಂಡವು. ತೀರದುದ್ದಕ್ಕೂ ಹರಿದ ಪ್ರವಾಹವನ್ನು ಭೂಮಿಯ ಭ್ರಮಣೆ ಬಲಕ್ಕೆ, ಅಂದರೆ ನೆಲದ ಕಡೆಗೆ ಒತ್ತಿದ್ದೇ ಕಾರಣ ಎಂದು ಆ ದಾಖಲೆಗಳಿಂದ ತೋರಿಸಲು ಸಾಧ್ಯವಾಯಿತು. ಜನ ಹೊರಡುವ ದಾರಿಗಳು ಚಂಡಮಾರುತ ಬರುವ ಮೊದಲೇ ಮುಳುಗುವುದು ಇಂಥದರಿಂದಲೇ, ಆದ್ದರಿಂದ ಈ ತಿಳಿವಳಿಕೆಗೆ ಜೀವದ ಬೆಲೆಯಿದೆ. 2010ರಲ್ಲಿ ಚಂಡಮಾರುತಗಳಿಗೆ ಗಾಳಿಯ ವೇಗದ ಮೇಲೆ ದರ್ಜೆ ಕೊಡುವ ಸ್ಯಾಫಿರ್-ಸಿಂಪ್ಸನ್ ದರ್ಜೆಪಟ್ಟಿಯಿಂದ ಸರ್ಜ್ ಅಂಕಿಗಳನ್ನು ತೆಗೆದುಹಾಕಿದ್ದಕ್ಕೂ ಐಕ್, ಕತ್ರಿನಾಗಳಂಥ ಅನುಭವಗಳೇ ಕಾರಣ. ಗಾಳಿಯ ದರ್ಜೆ ನೀರಿನ ಎತ್ತರವನ್ನು ಹೇಳುವುದಿಲ್ಲ.

ಮರಳುದಿಬ್ಬ
ಇನ್ನೊಂದು ಚಿಕ್ಕ ಸೇರ್ಪಡೆ. ಮಾಪಕಗಳೇ ಇಲ್ಲದ ಕಾಲದ ಚಂಡಮಾರುತಗಳನ್ನೂ ಹುಡುಕುತ್ತಾರೆ. ತೀರದ ಹಿಂದಿನ ಕೆರೆಗಳ ತಳದಿಂದ ಕೊಳವೆಯಲ್ಲಿ ಮಣ್ಣನ್ನು ಮೇಲೆತ್ತಿದರೆ, ಕಪ್ಪು ಕೆಸರಿನ ನಡುವೆ ಬಿಳಿ ಮರಳಿನ ಪದರಗಳು ಕಾಣುತ್ತವೆ. ಅಲೆಗಳು ದಿಬ್ಬ ದಾಟಿ ಸುರಿದ ಮರಳು ಅದು. ಅಲಬಾಮಾದ ಲೇಕ್ ಶೆಲ್ಬಿಯಲ್ಲಿ 1990ರ ದಶಕದ ಮೊದಲ ಭಾಗದಲ್ಲಿ ನಡೆದ ಕೆಲಸದಿಂದ ಈ ವಿಧಾನಕ್ಕೆ ಬಲ ಬಂತು. ಇಂಗಾಲದ ಕಾಲನಿರ್ಣಯದಿಂದ ಸಾವಿರಾರು ವರ್ಷಗಳ ಹಿಂದಕ್ಕೆ ಹೋಗಬಹುದು.

ತೆರೆನೊರೆ
ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಕೊನೆಯ ಪ್ರಶ್ನೆ: ಈ ಅಂಕಿಗಳನ್ನು ನಮ್ಮಂಥವರೂ ನೋಡಬಹುದೇ?

ನಕ್ಷೆಗಾರ
ನೋಡಬಹುದು, ಉಚಿತ. ಯುಎಸ್‌ಜಿಎಸ್‌ನ ‘ಫ್ಲಡ್ ಈವೆಂಟ್ ವ್ಯೂವರ್’ ತಾಣದಲ್ಲಿ ಚಂಡಮಾರುತದ ಹೆಸರನ್ನು ಆರಿಸಿದರೆ ಸಂವೇದಕಗಳೂ ನೀರಿನ ಗುರುತುಗಳೂ ನಕ್ಷೆಯ ಮೇಲೆ ಚುಕ್ಕೆಗಳಾಗಿ ಬರುತ್ತವೆ. ಒಂದೊಂದನ್ನೂ ಒತ್ತಿದರೆ ಎತ್ತರ, ಆಧಾರಮಟ್ಟ, ದರ್ಜೆ ಎಲ್ಲ ಸಿಗುತ್ತದೆ. ಹೊಸ ಚಂಡಮಾರುತದ ಅಂಕಿಗಳು ಮೊದಲಿಗೆ ತಾತ್ಕಾಲಿಕ ಎಂಬ ಗುರುತಿನೊಂದಿಗೆ ಇರುತ್ತವೆ, ಪರಿಶೀಲನೆಯ ನಂತರ ಅಂತಿಮವಾಗುತ್ತವೆ. ಎಲ್ಲಿಯಾದರೂ ಉಲ್ಲೇಖಿಸುವುದಿದ್ದರೆ ಆ ಗುರುತನ್ನು ನೋಡಿಕೊಳ್ಳಿ. ಉಬ್ಬರವಿಳಿತ ಮಾಪಕಗಳಿಗೆ ನೋವಾದ ತಾಣವಿದೆ. ಅಲ್ಲಿ ಬ್ಯಾಟರಿ ಮಾಪಕವನ್ನು ತೆರೆದು, ಆಧಾರಮಟ್ಟವನ್ನು ಬದಲಿಸಿ ನೋಡಿ, ನಿಮ್ಮ 14 ಮತ್ತು 11 ಎರಡೂ ಒಂದೇ ಗೆರೆಯಿಂದ ಬರುತ್ತವೆ.